ಮೈದಾನ ಖಾಲಿ ಇದ್ದಾಗ ಚೆನ್ನಾಗೇ ಇತ್ತು: ಗಿಟಾರ್‌ಗೆ ವೈರ್‌ಲೆಸ್ ಕೊಳ್ಳುವವರಿಗೆ ಎಚ್ಚರಿಕೆ

ಹೋದ ಗಣೇಶನ ಹಬ್ಬದಲ್ಲಿ, ಮೈದಾನ ತುಂಬ ಜನ ಕೂತಿರುವಾಗ, ನನ್ನ ಗಿಟಾರ್ ಸತ್ತುಹೋಯಿತು. ತಂತಿ ಹರಿಯಲಿಲ್ಲ, ಆಂಪ್ (ಆಂಪ್ಲಿಫೈಯರ್) ಸುಡಲಿಲ್ಲ, ಕರೆಂಟೂ ಹೋಗಲಿಲ್ಲ. ಕೈ ಕೊಟ್ಟಿದ್ದು ಆರು ಸಾವಿರ ಚಿಲ್ಲರೆ ಕೊಟ್ಟು ತಂದ ಡಿಜಿಟಲ್ ವೈರ್‌ಲೆಸ್. ಗಿಟಾರ್‌ಗೆ ಸಿಕ್ಕಿಸುವ ಟ್ರಾನ್ಸ್‌ಮಿಟರ್‌ನಿಂದ ಆಂಪ್ ಕಡೆಯ ರಿಸೀವರ್‌ಗೆ, ಕೇಬಲ್ ಇಲ್ಲದೆ ಶಬ್ದ ಕಳಿಸುವ ಜೋಡಿ. ಕಂಪನಿಯ ಹೆಸರು ಹೇಳುವುದಿಲ್ಲ. ಆ ಬೆಲೆಗೆ ಸಿಗುವವು ಹೆಚ್ಚುಕಡಿಮೆ ಒಂದೇ ರೀತಿ ಕೆಲಸ ಮಾಡುತ್ತವೆ, ಕೈ ಕೊಡುವುದೂ ಒಂದೇ ರೀತಿ.

ನಾನು ಅದನ್ನು ಕೊಂಡಿದ್ದು ಸ್ಟೇಜ್ ಮೇಲೆ ಕುಣಿಯೋಕೆ ಅಲ್ಲ. ಷಾಕ್‌ಗೆ ಹೆದರಿ. ನಮ್ಮ ವಾದ್ಯಗೋಷ್ಠಿ ಹೋಗುವುದೆಲ್ಲ ಗಣೇಶನ ಪೆಂಡಾಲ್, ಊರಹಬ್ಬ, ನವೆಂಬರ್ ಪೂರ್ತಿ ರಾಜ್ಯೋತ್ಸವ. ಜನರೇಟರ್ ಕರೆಂಟು, ಒದ್ದೆ ಹಲಗೆ, ಅರ್ಥಿಂಗ್ ದೇವರಿಗೇ ಪ್ರೀತಿ. ಎಡಗೈ ಗಿಟಾರ್ ತಂತಿಯ ಮೇಲಿದ್ದು ತುಟಿ ಮೈಕಿಗೆ ತಾಗಿದರೆ ಚುರ್ ಅನ್ನುತ್ತದೆ. ಒಮ್ಮೆ ಅನುಭವಿಸಿದವರು ಮರೆಯುವುದಿಲ್ಲ. 1976ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕಿಸ್ ಅನ್ನುವ ರಾಕ್ ತಂಡದ ಗಿಟಾರ್ ವಾದಕ ಏಸ್ ಫ್ರೇಲಿಗೆ ವೇದಿಕೆಯಲ್ಲೇ ಇಂಥ ಷಾಕ್ ಹೊಡೆದಿತ್ತು. ಅವರು ವೈರ್‌ಲೆಸ್‌ಗೆ ಹೋಗಿದ್ದು ಅದಾದ ಮೇಲೆ. ವೈರ್ ಇಲ್ಲದಿದ್ದರೆ ಗಿಟಾರ್‌ನಿಂದ ನೆಲಕ್ಕೆ ದಾರಿಯೇ ಇಲ್ಲ, ಷಾಕ್ ಎಲ್ಲಿಂದ ಬರಬೇಕು? ಈ ಲೆಕ್ಕ ಸರಿಯಾಗೇ ಇತ್ತು.

ಮನೆಯಲ್ಲಿ ಹಾಕಿ ನೋಡಿದೆ. ಅಡುಗೆಮನೆಗೆ ಹೋಗಿ ನುಡಿಸಿದೆ, ಮಹಡಿ ಮೆಟ್ಟಿಲ ಮೇಲೆ ಕೂತು ನುಡಿಸಿದೆ. ಒಂದು ಸ್ವರವೂ ತಪ್ಪಲಿಲ್ಲ. ಡಿಜಿಟಲ್ ಅಂದರೆ ಶಬ್ದ ತಡವಾಗಿ ಬರುತ್ತದೆ ಅಂತ ಯಾರೋ ಹೆದರಿಸಿದ್ದರು. ಅದೇನೂ ಅನಿಸಲಿಲ್ಲ. ನಾಲ್ಕು ಮಿಲಿಸೆಕೆಂಡ್ ತಡ ಅಂದರೆ ಆಂಪ್‌ನಿಂದ ಇನ್ನೊಂದು ಒಂದೂವರೆ ಮೀಟರ್ ದೂರ ಹೋಗಿ ನಿಂತ ಹಾಗೆ, ಅಷ್ಟೇ.

ಆ ದಿನ ಸಂಜೆ ನಾಲ್ಕಕ್ಕೆ ಸೌಂಡ್ ಚೆಕ್. ಮೈದಾನದಲ್ಲಿ ಇದ್ದಿದ್ದು ಎರಡು ನಾಯಿ, ಕುರ್ಚಿ ಜೋಡಿಸುವ ಹುಡುಗರು. ಸ್ಟೇಜ್‌ನಿಂದ ಇಳಿದು ಕೊನೆಯ ಸಾಲಿನ ಕುರ್ಚಿವರೆಗೆ ನಡೆದುಕೊಂಡೇ ನುಡಿಸಿದೆ. ಪಕ್ಕಾ. ಒಂದು ಸಣ್ಣ ಅಪಶಕುನ ಆಗಿತ್ತು. ಬೇಸ್ ನುಡಿಸುವ ಗೆಳೆಯನೂ ಅದೇ ಮಾದರಿ ಕೊಂಡಿದ್ದ. ಅವನು ಬೇಸ್ ಮೀಟಿದರೆ ನನ್ನ ಆಂಪ್ ಗುಂಯ್ ಅಂದಿತು. ಇಬ್ಬರದೂ ಒಂದೇ ಬಣ್ಣದ ಚಾನಲ್‌ನಲ್ಲಿತ್ತು. ನಕ್ಕು ಬದಲಾಯಿಸಿಕೊಂಡೆವು. ನಗಬಾರದಿತ್ತು.

ಕಾರ್ಯಕ್ರಮ ಎಂಟಕ್ಕೆ ಅಂತ ಬ್ಯಾನರ್‌ನಲ್ಲಿತ್ತು. ಭಾಷಣ, ಸನ್ಮಾನ, ಶಾಲು, ಹಾರ ಎಲ್ಲ ಮುಗಿದಾಗ ಒಂಬತ್ತೂವರೆ. ಮೂರನೇ ಹಾಡು ಶುರುವಾಗುವುದೇ ಗಿಟಾರ್‌ನಿಂದ. ಬೇರೆ ಯಾವ ವಾದ್ಯವೂ ಇಲ್ಲ, ಲೈಟೆಲ್ಲ ನನ್ನ ಮೇಲೆ. ಮೊದಲ ನಾಲ್ಕು ಸ್ವರ ಬಂದವು. ಐದನೆಯದು ಬರಲಿಲ್ಲ. ಆರನೆಯದೂ ಇಲ್ಲ. ಏಳನೆಯದರ ಬಾಲ ಮಾತ್ರ ಬಂತು. ಆಮೇಲೆ ಪೂರ್ತಿ ಮೌನ. ಶಿಳ್ಳೆ ಬಿತ್ತು. ನಾನು ಪೆಡಲ್ ತುಳಿದೆ, ಜ್ಯಾಕ್ ತಿರುಗಿಸಿದೆ, ಡ್ರಮ್ಸ್‌ನವನ ಕಡೆ ತಿರುಗಿ ಬೆಪ್ಪನ ಹಾಗೆ ನೋಡಿದೆ. ತಿರುಗಿದ ತಕ್ಷಣ ಶಬ್ದ ಬಂತು, ಜನರ ಕಡೆ ಮುಖ ಮಾಡಿದರೆ ಮತ್ತೆ ಹೋಯಿತು. ಸ್ಪೇರ್ ಕೇಬಲ್ ಇತ್ತು, ಟೆಂಪೋ ಟ್ರಾವೆಲರ್‌ನಲ್ಲಿ. ಸಂತೆ ಹೊತ್ತಿಗೆ ಮೂರು ಮೊಳ ನೇಯ್ದ ಹಾಗೆ ಒಬ್ಬ ಹುಡುಗನನ್ನು ಓಡಿಸಿದೆ.

ಅಷ್ಟರಲ್ಲಿ ಕೀಬೋರ್ಡ್ ಗೆಳೆಯ ಒಂದು ಬಟನ್ ಒತ್ತಿ, ಗಿಟಾರ್ ಟೋನ್ ಹಾಕಿಕೊಂಡು, ನನ್ನ ಪಾಲನ್ನೂ ಅವನೇ ನುಡಿಸಿಬಿಟ್ಟ. ಜನ ಚಪ್ಪಾಳೆ ಹೊಡೆದರು. ನಾನು ಶಬ್ದವಿಲ್ಲದ ಗಿಟಾರ್ ಮೇಲೆ ಬೆರಳಾಡಿಸುತ್ತಾ ನಿಂತಿದ್ದೆ. ಆ ಮೂರು ನಿಮಿಷದ ವಿಡಿಯೋ ಇವತ್ತಿಗೂ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ.

ಮಾರನೇ ದಿನ ಮನೆಯಲ್ಲಿ ಹಾಕಿದರೆ ಮತ್ತೆ ಪಕ್ಕಾ! ಅಂಗಡಿಯವರು "ಪೀಸ್ ಚೆನ್ನಾಗಿದೆ ಸಾರ್, ಮೂವತ್ತು ಮೀಟರ್ ರೇಂಜ್" ಅಂದರು. ಸುಳ್ಳಲ್ಲ. ಆ ಮೂವತ್ತು ಮೀಟರ್ ಬಯಲಿನ ಲೆಕ್ಕ, ಅಡ್ಡ ಏನೂ ಇಲ್ಲದಿದ್ದಾಗ. ಆದರೆ ಈ ಸಾಧನಗಳಲ್ಲಿ ಹೆಚ್ಚಿನವು ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ಲೈಸೆನ್ಸ್ ಬೇಡ, ಅದಕ್ಕೇ ಎಲ್ಲರೂ ಅಲ್ಲೇ. ವೈಫೈ, ಬ್ಲೂಟೂತ್, ವೈರ್‌ಲೆಸ್ ಮೌಸ್, ಎಲ್ಲ ಒಂದೇ ಸಂತೆಯಲ್ಲಿ ಕೂಗುತ್ತವೆ. ಜಾಗ ನೋಡಿದರೆ 2400ರಿಂದ 2483.5 ಮೆಗಾಹರ್ಟ್ಸ್‌ವರೆಗೆ ಮಾತ್ರ. ವೈಫೈನ 1, 6, 11ನೇ ಚಾನಲ್ ಮೂರೂ ನಡೆಯುತ್ತಿದ್ದರೆ ಉಳಿಯುವುದು ಸಂದಿಗೊಂದಿ.

ಇನ್ನು ನಾನು ಮಾಡಿದ ಘನಕಾರ್ಯ ಕೇಳಿ. ರಿಸೀವರ್ ಬೀಳಬಾರದು ಅಂತ ಅದನ್ನು ಸ್ಟೇಜ್ ಹಿಂದಿನ ಮಿಕ್ಸರ್ ರ‍್ಯಾಕ್ ಮೇಲೆ ಇಟ್ಟಿದ್ದೆ. ಸೌಂಡ್‌ನವರು ಈಗ ಮಿಕ್ಸರ್ ಮುಂದೆ ಕೂರುವುದಿಲ್ಲ, ಟ್ಯಾಬ್ ಹಿಡಿದು ಜನರ ಮಧ್ಯೆ ಓಡಾಡುತ್ತಾರೆ. ಆ ಟ್ಯಾಬ್‌ಗೆ ವೈಫೈ ಕೊಡುವ ರೂಟರ್ ಅದೇ ರ‍್ಯಾಕ್‌ನಲ್ಲಿತ್ತು. ನನ್ನ ರಿಸೀವರ್‌ಗೂ ಅದರ ಆಂಟೆನಾಗೂ ಒಂದು ಗೇಣು. ನಾಲ್ಕು ಗಂಟೆಗೆ ಅವರು ರ‍್ಯಾಕ್ ಹತ್ತಿರವೇ ನಿಂತು, ಮಿಕ್ಸರ್‌ಗೆ ಲ್ಯಾಪ್‌ಟಾಪನ್ನು ವೈರ್‌ನಲ್ಲೇ ಸಿಕ್ಕಿಸಿ ಚೆಕ್ ಮಾಡಿದ್ದರು, ರೂಟರ್ ಆನ್ ಆಗಿದ್ದು ಆಮೇಲೆ. ಎಲ್ಇಡಿ ವಾಲ್ ಆನ್ ಆಗಿದ್ದೂ ಆಮೇಲೆ. ಅದೂ ಗಾಳಿಯಲ್ಲಿ ಸಾಕಷ್ಟು ಗದ್ದಲ ಉಗುಳುತ್ತದೆ. ಜನ ಬಂದಿದ್ದೂ ಆಮೇಲೆ, ಪ್ರತಿ ಜೇಬಿನಲ್ಲೂ ವೈಫೈ ಹುಡುಕುವ ಒಂದು ಫೋನ್.

ಕೊನೆಯದಾಗಿ ನನ್ನ ಮೈ. ಮನುಷ್ಯನ ಮೈಯಲ್ಲಿ ಜಾಸ್ತಿ ಇರುವುದು ನೀರು, 2.4 ಗಿಗಾಹರ್ಟ್ಸ್ ಅಲೆಯನ್ನು ನೀರು ಚೆನ್ನಾಗಿ ಹೀರುತ್ತದೆ. ಮೈಕ್ರೋವೇವ್‌ನಲ್ಲಿ ಇಡ್ಲಿ ಬಿಸಿಯಾಗುವುದೂ ಅದೇ ಅಲೆಯಿಂದ. ಜನರ ಕಡೆ ಮುಖ ಮಾಡಿದಾಗ ಟ್ರಾನ್ಸ್‌ಮಿಟರ್ ಹೊಟ್ಟೆಯ ಮುಂದೆ, ರಿಸೀವರ್ ಬೆನ್ನ ಹಿಂದೆ. ನಡುವೆ ಎಂಬತ್ತು ಕೆಜಿ ಗೋಡೆ.

ನನಗೆ ನಿಜಕ್ಕೂ ಸಿಟ್ಟು ಬಂದಿದ್ದು ಇದು ಮುನ್ಸೂಚನೆ ಕೊಡದೆ ಸತ್ತಿದ್ದಕ್ಕೆ. ಹಳೆಯ ಆಂಟೆನಾ ಟಿವಿ ನೆನಪಿದೆಯಾ? ಸಿಗ್ನಲ್ ಕಮ್ಮಿಯಾದರೆ ಚುಕ್ಕಿ ಚುಕ್ಕಿ ಬರುತ್ತಿತ್ತು, ಆದರೂ ಕ್ರಿಕೆಟ್ ನೋಡಬಹುದಿತ್ತು. ಡಿಶ್ ಬಂದ ಮೇಲೆ ಜೋರು ಮಳೆಗೆ ಚಿತ್ರ ನಿಂತೇ ಹೋಗುತ್ತದೆ. ಅನಲಾಗ್ ವೈರ್‌ಲೆಸ್ ಮೊದಲನೆಯದರ ಹಾಗೆ, ಹೋಗುವ ಮುಂಚೆ ಸುಂಯ್ ಅಂತ ಹೇಳಿ ಹೋಗುತ್ತದೆ. ಡಿಜಿಟಲ್ ಕೊನೆಯ ಕ್ಷಣದವರೆಗೂ ಚೊಕ್ಕವಾಗಿ ನುಡಿದು, ಥಟ್ಟನೆ ಬಾಯಿ ಮುಚ್ಚುತ್ತದೆ.

ಮುಂದಿನ ಕಾರ್ಯಕ್ರಮದಲ್ಲಿ ಸೌಂಡ್‌ನವರ ಕಾಲು ಹಿಡಿದು ರೂಟರನ್ನು 5 ಗಿಗಾಹರ್ಟ್ಸ್‌ಗೆ ಹಾಕಿಸಿದೆ. ರಿಸೀವರನ್ನು ನನ್ನ ಎದುರಿನ ಪೆಡಲ್‌ಬೋರ್ಡ್ (ಪೆಡಲ್ ಜೋಡಿಸಿದ ಹಲಗೆ) ಮೇಲೆ ತಂದಿಟ್ಟೆ, ಎರಡು ಹೆಜ್ಜೆ ದೂರ, ಕಣ್ಣಿಗೆ ಕಾಣುವ ಹಾಗೆ. ತೊಂದರೆ ಮುಕ್ಕಾಲು ಪಾಲು ಹೋಯಿತು. ಪೂರ್ತಿ ಹೋಗಲಿಲ್ಲ, ಒಂದು ಹಾಡಿನಲ್ಲಿ ಮತ್ತೆ ಒಂದು ಸ್ವರ ನುಂಗಿತು. 5.8 ಗಿಗಾಹರ್ಟ್ಸ್‌ನ ಸಾಧನಗಳೂ ಸಿಗುತ್ತವೆ. ಅಲ್ಲಿ ಗದ್ದಲ ಸಾಮಾನ್ಯವಾಗಿ ಕಮ್ಮಿ, ಆದರೆ ಮೈ ಅಡ್ಡ ಬಂದರೆ ಇನ್ನೂ ಬೇಗ ಸೋಲುತ್ತವೆ. ಜೊತೆಗೆ ರೂಟರ್ 149ರಿಂದ 165ರ ಚಾನಲ್‌ನಲ್ಲಿದ್ದರೆ ಅದೂ ಅದೇ ಜಾಗ. 36ರಿಂದ 48ರೊಳಗೆ ಇಡಿಸಿ.

ಇನ್ನೊಂದು ಮಾತು. ಅಮೆರಿಕದಲ್ಲಿರುವ ಭಾವ, ಅಣ್ಣ ಯಾರಾದರೂ "ಹಳೇ ಯುಎಚ್‌ಎಫ್ ಸೆಟ್ ಅಗ್ಗಕ್ಕೆ ಸಿಕ್ಕಿತು" ಅಂತ ಟಿವಿ ತರಂಗದ ಜಾಗದಲ್ಲಿ ಓಡುವ ಹಳೆಯ ವೈರ್‌ಲೆಸ್ ತಂದರೆ ಅದರ ಹಿಂದೆ ಬರೆದ ಫ್ರೀಕ್ವೆನ್ಸಿ ಓದಿ. 700 ಮೆಗಾಹರ್ಟ್ಸ್‌ನ ಮೈಕುಗಳನ್ನು ಅಲ್ಲಿ 2010ರಲ್ಲಿ, 600ರ ಹೆಚ್ಚಿನ ಭಾಗವನ್ನು 2020ರಲ್ಲಿ ನಿಲ್ಲಿಸಿದರು. ಅಗ್ಗಕ್ಕೆ ಸಿಗುವುದು ಅದಕ್ಕೇ. ನಮ್ಮಲ್ಲಿ 700ರಲ್ಲಿ ಈಗ 5ಜಿ ಓಡುತ್ತಿದೆ.

ಟೋನ್ ವಿಷಯ ಚಿಕ್ಕದು, ಆದರೆ ಕಾಡಿತು. ನಾನು ವರ್ಷಗಟ್ಟಲೆ ಆರು ಮೀಟರ್ ಕೇಬಲ್‌ನಲ್ಲಿ ನುಡಿಸಿದವನು. ಕೇಬಲ್ ಮೇಲಿನ ಕೀರಲು ಶಬ್ದವನ್ನು ತಿಂದುಹಾಕುತ್ತಿತ್ತು, ನನ್ನ ಸೆಟ್ಟಿಂಗ್ ಎಲ್ಲ ಅದಕ್ಕೆ ಹೊಂದಿಸಿದ್ದು. ವೈರ್‌ಲೆಸ್‌ನಲ್ಲಿ ಆ ಕತ್ತರಿ ಇಲ್ಲ, ಕಿವಿಗೆ ಸೂಜಿ ಚುಚ್ಚಿದ ಹಾಗೆ ಕೇಳಿಸಿತು. ಶಬ್ದವನ್ನು ಒರಟು ಮಾಡುವ ಹಳೇ ಮಾದರಿ ಫಝ್ ಪೆಡಲ್ ಅಂತೂ ಮುನಿಸಿಕೊಂಡಿತು. ಗಿಟಾರ್ ವಾಲ್ಯೂಮ್ ಇಳಿಸಿದರೆ ಶಬ್ದ ತಿಳಿಯಾಗಬೇಕಲ್ವಾ? ಆಗಲಿಲ್ಲ. ಆ ಪೆಡಲ್‌ಗೆ ಗಿಟಾರ್‌ನ ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ನಡುವೆ ಏನೂ ಇಲ್ಲದೆ ನೇರವಾಗಿ ಬೇಕು.

ಬ್ಯಾಟರಿ ಕಥೆಯೂ ಹೀಗೇ. ಐದು ಗಂಟೆ ಬರುತ್ತದೆ ಅಂತ ಡಬ್ಬದ ಮೇಲಿದೆ. ನಾಲ್ಕಕ್ಕೆ ಆನ್ ಮಾಡಿ ಭಾಷಣ ಮುಗಿಯುವವರೆಗೆ ಮರೆತರೆ ಅಲ್ಲಿಗೆ ಐದೂವರೆ ಗಂಟೆ. ಒಳಗೇ ಕೂರಿಸಿದ ಬ್ಯಾಟರಿ, ಬದಲಾಯಿಸುವ ಹಾಗಿಲ್ಲ. ಚಾರ್ಜರ್ ಸಿಕ್ಕಿಸಿಕೊಂಡೇ ನುಡಿಸೋಣ ಅಂದರೆ ರಿಸೀವರ್ ಸೊಳ್ಳೆಯ ಹಾಗೆ ಗುಂಯ್‌ಗುಡುತ್ತದೆ.

ಹಾಗಾಗಿ ಕೊಳ್ಳುವವರು ಕೊಳ್ಳಿ, ಆದರೆ ಸೌಂಡ್ ಚೆಕ್ ಮಾಡುವಾಗ ರೂಟರ್, ಟ್ಯಾಬ್, ಎಲ್ಇಡಿ ವಾಲ್ ಎಲ್ಲವನ್ನೂ ಆನ್ ಮಾಡಿಸಿ, ರಿಸೀವರ್‌ಗೆ ಬೆನ್ನು ಹಾಕಿ ನಿಂತು ನುಡಿಸಿ ನೋಡಿ. ಕೇಬಲ್ ಗಾಡಿಯಲ್ಲಿ ಅಲ್ಲ, ಪೆಡಲ್‌ಬೋರ್ಡ್ ಪಕ್ಕದಲ್ಲೇ ಸುತ್ತಿಟ್ಟಿರಲಿ. ಕೇಬಲ್‌ಗೆ ವಾಪಸ್ ಬಂದರೆ ಷಾಕೂ ವಾಪಸ್ ಬರುತ್ತದೆ ಅನ್ನುವುದು ನೆನಪಿರಲಿ. ತುಟಿ ತಾಗಿಸುವ ಮುಂಚೆ ಮೈಕಿನ ಜಾಲರಿಗೆ ಟೆಸ್ಟರ್ ಇಟ್ಟು ನೋಡಿ, ಗಿಟಾರ್ ತಂತಿಗೂ ಇಡಿ. ದೀಪ ಹತ್ತಿದರೆ ಎಲೆಕ್ಟ್ರಿಷಿಯನ್ ಬರುವವರೆಗೆ ಮುಟ್ಟಬೇಡಿ. ಹಮ್ (ಗುಂಯ್ ಶಬ್ದ) ಬರುತ್ತಿದೆ ಅಂತ ಪ್ಲಗ್‌ನ ಮೇಲಿನ ದಪ್ಪ ಅರ್ಥಿಂಗ್ ಪಿನ್ ಮುರಿಯುವ ಬುದ್ಧಿವಂತರು ನಮ್ಮ ಸ್ಟೇಜ್‌ಗಳಲ್ಲಿ ಬಹಳ ಜನ ಇದ್ದಾರೆ. ಅವರಿಂದ ದೂರ ಇರಿ.

ನಾನೀಗ ಗಿಟಾರ್‌ನಿಂದ ಶುರುವಾಗುವ ಹಾಡುಗಳನ್ನು ಕೇಬಲ್‌ನಲ್ಲೇ ನುಡಿಸುತ್ತೇನೆ. ಕೀಬೋರ್ಡ್ ಗೆಳೆಯ ಪ್ರತಿ ಕಾರ್ಯಕ್ರಮಕ್ಕೆ ಮುಂಚೆ ಆ ಗಿಟಾರ್ ಟೋನ್ ಹಾಕಿಟ್ಟುಕೊಂಡು, "ಬಾಸ್, ವೈರಾ, ವೈರ್‌ಲೆಸ್ಸಾ?" ಅಂತ ಕೇಳುತ್ತಾನೆ. ನಾನು ಕೇಬಲ್ ಎತ್ತಿ ತೋರಿಸುತ್ತೇನೆ. ಅವನು ನಕ್ಕು ಕೊಳಲಿನ ಟೋನ್‌ಗೆ ಬದಲಾಯಿಸಿಕೊಳ್ಳುತ್ತಾನೆ.