ಓಪನ್ ಬ್ಯಾಕ್ ಹೆಡ್‌ಫೋನ್‌ಗೆ ‘ಲೆದರ್’ ಇಯರ್‌ಪ್ಯಾಡ್ ತರಿಸುವವರೇ, ಸ್ವಲ್ಪ ತಡೆಯಿರಿ

ಸೆನ್‌ಹೈಸರ್ ಎಚ್‌ಡಿ 600, ಎಚ್‌ಡಿ 650 ಇಟ್ಟುಕೊಂಡಿರುವವರು ಇದನ್ನು ಓದಲೇಬೇಕು. ಬೇರೆ ಓಪನ್ ಬ್ಯಾಕ್, ಅಂದರೆ ಹಿಂಬದಿ ಮುಚ್ಚದೆ ಬಿಟ್ಟ, ಹೆಡ್‌ಫೋನ್ ಇರುವವರಿಗೂ ಬಹುಪಾಲು ಅನ್ವಯಿಸುತ್ತದೆ. ಇವುಗಳಿಗೆ ‘ಅಪ್ಪಟ ಕುರಿ ಚರ್ಮದ ಇಯರ್‌ಪ್ಯಾಡ್’ (ಕಿವಿಯ ಸುತ್ತ ಕೂರುವ ಮೆತ್ತೆ) ಅಂತ ಆನ್‌ಲೈನ್‌ನಲ್ಲಿ ಮಾರುವವರು ಬೇಕಾದಷ್ಟು ಜನ ಇದ್ದಾರೆ. ಬಾಳಿಕೆ ಜಾಸ್ತಿ, ಬಾಸ್ ಜಾಸ್ತಿ, ಉಳಿದಂತೆ ಧ್ವನಿ ಹಾಗೇ ಇರುತ್ತದೆ ಅಂತ ಬರೆದಿರುತ್ತಾರೆ. ಆ ಕೊನೆಯ ಮಾತನ್ನು ನಂಬಬೇಡಿ. ಅದರಿಂದ ನನಗೆ ದುಡ್ಡು ಹೋಗಿದ್ದಲ್ಲದೆ ಅಕ್ಕನ ಮಗನ ಸಂಗೀತ ಕಚೇರಿಯ ರೆಕಾರ್ಡಿಂಗ್ ಕೂಡ ಕೆಟ್ಟಿತು.

ಎಚ್‌ಡಿ 600 ಮಾರುಕಟ್ಟೆಗೆ ಬಂದದ್ದು 1997ರಲ್ಲಿ. ಇವತ್ತಿಗೂ ಮಾರಾಟದಲ್ಲಿದೆ, ಬಿಡಿಭಾಗಗಳೂ ಸಿಗುತ್ತವೆ. ಅದರ ಜೊತೆ ಬರುವ ಪ್ಯಾಡ್ ವೆಲೂರ್, ಅಂದರೆ ಮಖಮಲ್ಲಿನಂಥ ಬಟ್ಟೆ. ಮಂಗಳೂರಿನ ಮಳೆಗಾಲದಲ್ಲಿ ಆ ಬಟ್ಟೆಯ ಕಥೆ ಕೇಳಬೇಡಿ. ಬೆವರು ಹೀರುತ್ತದೆ, ತೊಳೆದರೆ ಒಣಗುವುದಿಲ್ಲ, ಒಣಗುವಷ್ಟರಲ್ಲಿ ಮುಗ್ಗಲು ವಾಸನೆ. ಒಳಗಿನ ಸ್ಪಾಂಜ್ ಕೂಡ ಚಪ್ಪಟೆಯಾಗಿತ್ತು. ಒರಿಜಿನಲ್‌ನ ಅರ್ಧ ಬೆಲೆಗೆ ಚರ್ಮದ ಪ್ಯಾಡ್ ಸಿಗುತ್ತೆ ಅಂದರೆ ಯಾರಾದರೂ ತರಿಸುತ್ತಾರೆ, ಅಲ್ವಾ?

ನೋಡಲು ಚೆನ್ನಾಗಿತ್ತು. ದಪ್ಪ, ಮೆತ್ತಗೆ, ಕಪ್ಪಗೆ ಹೊಳಪು. ಹಾಕಿಕೊಂಡು ಒಂದು ಹಳೆಯ ಗಾಯನದ ರೆಕಾರ್ಡಿಂಗ್ ಕೇಳಿದೆ. ಗಾಯಕರು ಎರಡು ಹೆಜ್ಜೆ ಹಿಂದೆ ಸರಿದು ಕೂತ ಹಾಗಿತ್ತು. ಮೃದಂಗದ ಎಡ ಭಾಗ ಉಬ್ಬಿಕೊಂಡು ಮುಂದೆ ಬಂದಿತ್ತು. ತಂಬೂರಿಯ ಝೇಂಕಾರದಲ್ಲಿ ಮೊದಲಿದ್ದ ನುಣುಪು ಇರಲಿಲ್ಲ, ಮೇಲಿನ ಸ್ವರಗಳ ಒಂದು ಪಟ್ಟಿ ಮಾತ್ರ ಕಿವಿಗೆ ಚುಚ್ಚುತ್ತಿತ್ತು. ಇದು 300 ಓಮ್‌ನ ಹೆಡ್‌ಫೋನ್, ಸಾಕಷ್ಟು ವಾಲ್ಯೂಮ್ ಬರಲು ಆಂಪ್ (ಆಂಪ್ಲಿಫೈಯರ್) ಬೇಕು. ಹಾಗಾಗಿ ಮೊದಲು ಆಂಪ್ ಮೇಲೆ ಅನುಮಾನ ಬಂತು. ಫೋನಿಗೆ ನೇರ ಚುಚ್ಚಿ ನೋಡಿದರೆ ಅಲ್ಲೂ ಅದೇ ಧ್ವನಿ, ವಾಲ್ಯೂಮ್ ಮಾತ್ರ ಕಡಿಮೆ. ಹಳೇ ಪ್ಯಾಡ್ ಹಾಕಿದ ತಕ್ಷಣ ಗಾಯಕರು ಮುಂದೆ ಬಂದರು.

‘ಓಪನ್ ಬ್ಯಾಕ್ ಅಂದ ಮೇಲೆ ಹೇಗೂ ಎಲ್ಲ ಕಡೆ ತೆರೆದಿರುತ್ತೆ, ಪ್ಯಾಡ್‌ನಿಂದ ಏನಾಗುತ್ತೆ’ ಅಂತ ಕೇಳುವವರು ತುಂಬ ಜನ. ತೆರೆದಿರುವುದು ಡ್ರೈವರ್‌ನ, ಅಂದರೆ ಸದ್ದು ಹೊರಡಿಸುವ ಪುಟ್ಟ ಸ್ಪೀಕರ್‌ನ, ಹಿಂಭಾಗ. ಮುಂದೆ, ಡ್ರೈವರ್‌ಗೂ ಕಿವಿಗೂ ನಡುವೆ, ಒಂದು ಪುಟ್ಟ ಕೋಣೆ ಇದೆ. ಆ ಕೋಣೆಯ ಗೋಡೆಯೇ ಇಯರ್‌ಪ್ಯಾಡ್. ಅದು ಎಷ್ಟು ಆಳ, ಎಷ್ಟು ಅಗಲ, ಗೋಡೆ ಗಾಳಿಯನ್ನು ಬಿಡುತ್ತದೋ ತಡೆಯುತ್ತದೋ, ಇದೆಲ್ಲ ಸೇರಿಯೇ ನಮಗೆ ಕೇಳುವ ಧ್ವನಿ. ಮೃದಂಗದ ಎಡಮುಖಕ್ಕೆ ರವೆ ಹಚ್ಚುತ್ತಾರಲ್ಲ, ಇದೂ ಹಾಗೆಯೇ. ವಾದ್ಯ ಅದೇ ಇರುತ್ತದೆ, ಹಚ್ಚಿದ ರವೆ ಹೆಚ್ಚುಕಮ್ಮಿ ಆದರೆ ನಾದ ಬೇರೆ.

ವೆಲೂರ್ ಸ್ವಲ್ಪ ಗಾಳಿ ಸೋರಲು ಬಿಡುತ್ತದೆ. ಆ ಸೋರಿಕೆಯನ್ನೂ ಲೆಕ್ಕಕ್ಕೆ ಹಿಡಿದೇ ಹೆಡ್‌ಫೋನನ್ನು ಟ್ಯೂನ್ ಮಾಡಿರುತ್ತಾರೆ. ಚರ್ಮವೋ ರೆಕ್ಸಿನ್ನೋ ಆದರೆ ಆ ದಾರಿ ಮುಚ್ಚುತ್ತದೆ, ಕೆಳಗಿನ ಬಾಸ್ ಏರುತ್ತದೆ. ಇಷ್ಟೇ ಆಗಿದ್ದರೆ ಈಕ್ವಲೈಸರ್‌ನಲ್ಲಿ ಬಾಸ್ ಇಳಿಸಿ ಸುಮ್ನೆ ಇರಬಹುದಿತ್ತು. ತೊಂದರೆ ಇರುವುದು ಮೇಲಿನ ಸ್ವರಗಳಲ್ಲಿ. 100 ಹರ್ಟ್ಸ್ ಸದ್ದಿನ ಅಲೆ ಸುಮಾರು ಮೂರೂವರೆ ಮೀಟರ್ ಉದ್ದ. ಅದಕ್ಕೆ ಪ್ಯಾಡ್ ಒಳಗಿನ ಕೋಣೆ ಲೆಕ್ಕಕ್ಕೇ ಇಲ್ಲ. ಆದರೆ 8 ಕಿಲೋಹರ್ಟ್ಸ್ ಅಲೆಯ ಉದ್ದ ನಾಲ್ಕು ಸೆಂಟಿಮೀಟರ್ ಚಿಲ್ಲರೆ, ಹೆಚ್ಚುಕಮ್ಮಿ ಪ್ಯಾಡ್‌ನ ಒಳಗಿನ ಅಳತೆಯೇ. ಬಟ್ಟೆಯ ಗೋಡೆ ಆ ಅಲೆಯನ್ನು ಅಷ್ಟಿಷ್ಟು ಹೀರಿಕೊಳ್ಳುತ್ತದೆ. ನಯವಾದ ರೆಕ್ಸಿನ್ ಗೋಡೆ ಅದನ್ನು ವಾಪಸ್ ಎಸೆಯುತ್ತದೆ. ಒಂದು ಕಡೆ ಅಲೆಗಳು ಕೂಡಿ ಚುಚ್ಚುತ್ತವೆ, ಇನ್ನೊಂದು ಕಡೆ ಒಂದನ್ನೊಂದು ಕೊಂದು ಆ ಸ್ವರ ತಗ್ಗಿ ಗುಂಡಿ ಬೀಳುತ್ತದೆ. ಒಳಗಿನ ಗೋಡೆಯಲ್ಲಿ ಸಣ್ಣ ತೂತುಗಳಿರುವ ಪ್ಯಾಡ್‌ಗಳನ್ನು ಕೆಲವರು ಮಾಡುವುದು ಇದೇ ಕಾರಣಕ್ಕೆ. ದಪ್ಪವೂ ಮುಖ್ಯ. ನಾನು ತರಿಸಿದ್ದು ಒರಿಜಿನಲ್‌ಗಿಂತ ದಪ್ಪ, ಅಂದರೆ ಡ್ರೈವರ್ ಕಿವಿಯಿಂದ ದೂರ ಹೋಯಿತು.

ಇನ್ನು ರೆಕಾರ್ಡಿಂಗ್ ವಿಷಯ. ಅಕ್ಕನ ಮಗ ಮೃದಂಗ ನುಡಿಸುತ್ತಾನೆ. ದೇವಸ್ಥಾನವೊಂದರಲ್ಲಿ ಅವನು ಪಕ್ಕವಾದ್ಯಕ್ಕೆ ಕೂತಿದ್ದ ಕಚೇರಿಯನ್ನು ನಾನೇ ರೆಕಾರ್ಡ್ ಮಾಡಿದ್ದೆ. ಧ್ವನಿ ಬದಲಾಗುವುದಿಲ್ಲ ಅಂತ ಬರೆದುಕೊಟ್ಟ ಪ್ಯಾಡ್ ಬಂದ ದಿನವೇ ಅದನ್ನು ಹಾಕಿಕೊಂಡು ಮಿಕ್ಸ್ ಮಾಡಿದೆ, ಅಂದರೆ ಹಾಡು, ವಾದ್ಯಗಳ ಮಟ್ಟ ಹೊಂದಿಸಿದೆ, ಬೇರೇನೂ ಕೇಳಿ ನೋಡುವ ಮೊದಲೇ. ಮೃದಂಗ ಗುಂ ಅನ್ನುತ್ತಿತ್ತು, ತಗ್ಗಿಸಿದೆ. ಹಾಡುಗಾರಿಕೆ ಮುಸುಕಾಗಿತ್ತು, 2ರಿಂದ 3 ಕಿಲೋಹರ್ಟ್ಸ್ ಸುತ್ತ ಏರಿಸಿದೆ. ಕಳಿಸಿದ ಮೇಲೆ ಅವನ ಫೋನ್ ಬಂತು.

‘ಮಾವ, ನನ್ನ ಎಡಗೈ ಎಲ್ಲಿ ಹೋಯ್ತು?’

ಕಾರಿನಲ್ಲಿ ಹಾಕಿ ಕೇಳಿದರೆ ಮೃದಂಗ ಡಬ್ಬಿ ಬಡಿದ ಹಾಗೆ, ಹಾಡು ಕಿರುಚಿದ ಹಾಗೆ. ಪ್ಯಾಡ್ ಹೇಳಿದ ಸುಳ್ಳನ್ನೆಲ್ಲ ನಾನು ತಿದ್ದಿದ್ದೆ, ಅಷ್ಟೇ. ಅಷ್ಟರಲ್ಲಿ ಅವನು ಫೈಲನ್ನು ಗಾಯಕರಿಗೂ ಕಳಿಸಿಯಾಗಿತ್ತು. ಸುಮ್ನೆ ಹಾಡು ಕೇಳುವವರಿಗೆ ಈ ಪ್ಯಾಡ್ ಇಷ್ಟವೇ ಆಗಬಹುದು, ನಾನು ಬೇಡ ಅನ್ನುವುದಿಲ್ಲ. ಮಿಕ್ಸಿಂಗ್, ಎಡಿಟಿಂಗ್ ಮಾಡುವವರು ಮಾತ್ರ ಮುಟ್ಟಲೇಬೇಡಿ.

ಈಕ್ವಲೈಸರ್‌ನಿಂದ ಸರಿಮಾಡೋಣ ಅಂತಲೂ ನೋಡಿದೆ. ಆಟೋಇಕ್ಯೂನಂಥ ಜಾಲತಾಣಗಳಲ್ಲಿ ಹೆಡ್‌ಫೋನ್ ಮಾದರಿಯ ಹೆಸರಿನಲ್ಲಿ ಸಿಗುವ ಈಕ್ವಲೈಸರ್ ಸೆಟ್ಟಿಂಗ್‌ಗಳನ್ನು ಸಾಮಾನ್ಯವಾಗಿ ಕಂಪನಿ ಕೊಟ್ಟ ಪ್ಯಾಡ್ ಇಟ್ಟು ಅಳೆದು ಮಾಡಿರುತ್ತಾರೆ. ಪ್ಯಾಡ್ ಬದಲಾದರೆ ಆ ಅಂಕಿಗಳಿಗೂ ನಿಮ್ಮ ಹೆಡ್‌ಫೋನ್‌ಗೂ ಸಂಬಂಧವೇ ಇಲ್ಲ. ಹಾಕಿದಾಗ ನನಗೆ ಇನ್ನೂ ಕೆಟ್ಟದಾಗಿ ಕೇಳಿಸಿತು. ಅಲೆಗಳು ಪರಸ್ಪರ ಕೊಂದುಕೊಂಡಲ್ಲಿ ಬಿದ್ದ ಕಿರಿದಾದ ಗುಂಡಿಯನ್ನು ಎಷ್ಟು ಏರಿಸಿದರೂ ತುಂಬುವುದು ಕಷ್ಟ. ಹೆಡ್‌ಫೋನನ್ನು ತಲೆಯ ಮೇಲೆ ಒಂದು ಚೂರು ಸರಿಸಿದರೆ ಗುಂಡಿಯೂ ಸರಿಯುತ್ತದೆ.

ಇನ್ನೊಂದು ತೊಂದರೆ ತಡವಾಗಿ ಗೊತ್ತಾಯಿತು. ಈ ಹೆಡ್‌ಫೋನ್‌ನಲ್ಲಿ ಪ್ಯಾಡ್‌ನ ಹಿಂದಿರುವ ಪ್ಲಾಸ್ಟಿಕ್ ರಿಂಗ್ ಡ್ರೈವರ್ ಇರುವ ಕಪ್‌ಗೆ ಟಕ್ ಅಂತ ಕೂರಬೇಕು. ನನಗೆ ಬಂದ ಜೋಡಿಯಲ್ಲಿ ಬಲಗಡೆಯದು ಒಂದು ಮೂಲೆಯಲ್ಲಿ ಕೂರಲೇ ಇಲ್ಲ, ಕೂದಲೆಳೆಯಷ್ಟು ಸಂದು. ಅಲ್ಲಿಂದ ಬಾಸ್ ಸೋರಿ ಎಡಕ್ಕೂ ಬಲಕ್ಕೂ ವ್ಯತ್ಯಾಸ. ಇದನ್ನು ಹಿಡಿಯುವುದು ಸುಲಭ. ಎರಡೂ ಕಿವಿಗೆ ಒಂದೇ ಸದ್ದು ಬರುವ ಮೋನೋ ರೆಕಾರ್ಡಿಂಗ್ ಹಾಕಿ, ಧ್ವನಿ ತಲೆಯ ಸರಿಯಾಗಿ ಮಧ್ಯದಲ್ಲಿ ನಿಲ್ಲಬೇಕು. ಆಮೇಲೆ ಫೋನಿನ ಟೋನ್ ಜನರೇಟರ್ ಆ್ಯಪ್‌ನಲ್ಲಿ ಸಣ್ಣ ವಾಲ್ಯೂಮ್ ಇಟ್ಟು 20 ಹರ್ಟ್ಸ್‌ನಿಂದ ನಿಧಾನವಾಗಿ ಮೇಲೇರಿಸಿ. ಸದ್ದು ಎಲ್ಲಾದರೂ ಒಂದು ಕಡೆಗೆ ವಾಲಿದರೆ ಪ್ಯಾಡ್ ಸರಿಯಾಗಿ ಕೂತಿಲ್ಲ ಅಂತ ಮೊದಲು ಅನುಮಾನಿಸಿ. ಕನ್ನಡಕದ ಕಡ್ಡಿಯಿಂದಲೂ ಹೀಗಾಗುತ್ತದೆ, ತೆಗೆದು ನೋಡಿ. ಹಳೇ ಪ್ಯಾಡ್ ಕೀಳುವಾಗ ಡ್ರೈವರ್ ಮುಂದೆ ಇರುವ ತೆಳು ಸ್ಪಾಂಜ್ ಬಿಲ್ಲೆ ಕೆಳಗೆ ಬೀಳುತ್ತದೆ. ಕಸ ಅಂತ ಎಸೆದುಬಿಡಬೇಡಿ. ಅದಿಲ್ಲದಿದ್ದರೆ ಟ್ರೆಬಲ್, ಅಂದರೆ ಮೇಲಿನ ಸ್ವರ, ಬದಲಾಗುತ್ತದೆ.

ಹಾಗಂತ ಸವೆದ ವೆಲೂರನ್ನೇ ವರ್ಷಗಟ್ಟಲೆ ಉಳಿಸಿಕೊಳ್ಳುವುದೂ ಸರಿಯಲ್ಲ. ಸ್ಪಾಂಜ್ ಕುಸಿದರೆ ಕಿವಿ ಡ್ರೈವರ್‌ಗೆ ಹತ್ತಿರವಾಗುತ್ತದೆ, ಆಗಲೂ ಧ್ವನಿ ಬದಲಾಗುತ್ತದೆ. ದಿನಾ ಸ್ವಲ್ಪ ಸ್ವಲ್ಪವೇ ಬದಲಾಗುವುದರಿಂದ ನಮಗೆ ಗೊತ್ತಾಗುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ಅದೇ ಕಂಪನಿಯ, ಅದೇ ಮಾದರಿಯ ಹೊಸ ಪ್ಯಾಡ್ ತಗೊಳ್ಳಿ. ಬೆಲೆ ಜಾಸ್ತಿ, ಒಪ್ಪುತ್ತೇನೆ. ಬೇರೆಯವರದ್ದೇ ಬೇಕು ಅಂದರೆ ನಿಮ್ಮ ಮಾದರಿಯ ಮೇಲೆ ಆ ಪ್ಯಾಡ್ ಇಟ್ಟು ಧ್ವನಿ ಅಳೆದ ಗ್ರಾಫ್ ಇದೆಯಾ ಅಂತ ಕೇಳಿ. ಬೇಯರ್‌ಡೈನಾಮಿಕ್ ಡಿಟಿ 990ಗೆ ಚೆನ್ನಾಗಿದೆ ಅಂದರೆ ಸೆನ್‌ಹೈಸರ್‌ಗೂ ಆಗುತ್ತೆ ಅಂತಲ್ಲ. ಹೈಫೈಮ್ಯಾನ್ ಸುಂಡಾರದಂಥ ಪ್ಲೇನಾರ್‌ಗಳದ್ದು, ಅಂದರೆ ಸದ್ದು ಹೊರಡಿಸುವ ಭಾಗ ಚಪ್ಪಟೆ ಹಾಳೆಯಂತಿರುವ ಹೆಡ್‌ಫೋನ್‌ಗಳದ್ದು, ಇನ್ನೊಂದೇ ಲೆಕ್ಕ.

ಕಡೆಗೆ ಆ ‘ಕುರಿ ಚರ್ಮ’. ಮುಂದಿನ ಮಳೆಗಾಲದವರೆಗೂ ಕಾಯಬೇಕಾಗಲಿಲ್ಲ. ಹೊಲಿಗೆಯ ಹತ್ತಿರ ಪುಡಿಪುಡಿಯಾಗಿ ಏಳಲು ಶುರುವಾಯಿತು, ಕೆಳಗೆ ನೇಯ್ದ ಬಟ್ಟೆ ಕಾಣಿಸಿತು. ನಿಜವಾದ ಚರ್ಮದ ಹಿಂಬದಿ ನಾರುನಾರಾಗಿ ಇರುತ್ತದೆ, ನೇಯ್ಗೆ ಕಂಡರೆ ಅದು ರೆಕ್ಸಿನ್. ಅಂಥ ಪಾಲಿಯುರೆಥೇನ್ ಲೇಪನ ಸೆಕೆ, ತೇವ, ಬೆವರಿಗೆ ಒಡೆಯುತ್ತದೆ. ಕರಾವಳಿಯಲ್ಲಿ ಈ ಮೂರಕ್ಕೂ ಬರ ಇಲ್ಲ.

ಮಾರಿದವರಿಗೆ ಫೋಟೋ ಕಳಿಸಿದೆ. ‘ಸರ್, ಇದು ಹೈಜೀನ್ ಐಟಂ, ಪ್ಯಾಕ್ ಓಪನ್ ಆದ ಮೇಲೆ ರಿಟರ್ನ್ ಇಲ್ಲ’ ಅಂದರು. ಈ ಮಾತಿಗೆ ಹೆದರಬೇಡಿ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಗುಣ ವಸ್ತುವಿನಲ್ಲಿ ಇಲ್ಲದಿದ್ದರೆ ಮಾರಿದವರು ವಾಪಸ್ ತಗೊಳ್ಳಲ್ಲ ಅನ್ನುವಂತಿಲ್ಲ. ಧ್ವನಿ ಸರಿಯಿಲ್ಲ ಅಂತ ವಾದಿಸಲು ಹೋಗಬೇಡಿ, ಅದು ನಿಮ್ಮ ಅಭಿಪ್ರಾಯ ಅಂದುಬಿಡುತ್ತಾರೆ. ಚರ್ಮ ಅಂದು ರೆಕ್ಸಿನ್ ಕೊಟ್ಟಿದ್ದೀರಿ ಅನ್ನಿ. ಲಿಸ್ಟಿಂಗ್‌ನ ಸ್ಕ್ರೀನ್‌ಶಾಟನ್ನು ಕೊಳ್ಳುವ ದಿನವೇ ತೆಗೆದಿಟ್ಟುಕೊಳ್ಳಿ, ಆಮೇಲೆ ಅವರು ಬದಲಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಬಹುದು. ನಾನು ಹಾಗೆ ಮಾಡಿದ ಮೇಲೆಯೇ ಪ್ಯಾಡ್‌ನ ದುಡ್ಡು ಬಂತು. ವಾಪಸ್ ಕಳಿಸಿದ ಕೊರಿಯರ್ ಖರ್ಚು ಮಾತ್ರ ನನ್ನ ತಲೆಗೇ ಬಿತ್ತು.