ಹದಿಹರೆಯದವರಿಗೆ ಷೇರು ಕಲಿಸಲು ಯಾವುದು ಮೇಲು: ಆ್ಯಪ್, ನೋಟ್‌ಬುಕ್, ಐನೂರರ ಎಸ್‌ಐಪಿ?

14ರಿಂದ 17 ವರ್ಷದವರಿಗೆ ಕಲಿಸುವಾಗ ಈ ಮೂರನ್ನೂ ಬಳಸಿದ್ದೇವೆ: ಅಣಕು ವಹಿವಾಟಿನ ಆ್ಯಪ್, ಕೊಂಡಂತೆ ಭಾವಿಸಿದ ಷೇರುಗಳ ಲೆಕ್ಕ ಬರೆಯುವ ನೋಟ್‌ಬುಕ್, ಕಂತು ಕಂತಾಗಿ ಮ್ಯೂಚುವಲ್ ಫಂಡ್‌ಗೆ ನಿಜವಾದ ಹಣ ಹಾಕುವ ಎಸ್‌ಐಪಿ. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಒಂದನ್ನೇ ಆರಿಸಬೇಕಾದರೆ ನಮ್ಮ ಆಯ್ಕೆ ನೋಟ್‌ಬುಕ್.

ಆರ್ಡರ್ ಹಾಕುವುದನ್ನು ಕಲಿಯಲು ಮಾತ್ರ ಆ್ಯಪ್‌ಗೆ ಸಾಟಿಯಿಲ್ಲ. ಟ್ರೇಡಿಂಗ್‌ವ್ಯೂ ಆ್ಯಪ್‌ನ ಪೇಪರ್ ಟ್ರೇಡಿಂಗ್‌ನಲ್ಲಿ, ಅಂದರೆ ನಕಲಿ ಹಣದ ವಹಿವಾಟಿನಲ್ಲಿ, ಮಾರ್ಕೆಟ್ (ಈಗಿನ ಬೆಲೆಗೆ), ಲಿಮಿಟ್ (ನಾವು ಹೇಳಿದ ಅಥವಾ ಅದಕ್ಕಿಂತ ಮೇಲಾದ ಬೆಲೆಗೆ), ಸ್ಟಾಪ್ (ಬೆಲೆ ಒಂದು ಮಟ್ಟ ಮುಟ್ಟಿದಾಗ) ಆರ್ಡರ್‌ಗಳ ವ್ಯತ್ಯಾಸ ಒಂದೇ ಸಂಜೆಯಲ್ಲಿ ತಲೆಗೆ ಹತ್ತುತ್ತದೆ. ಆದರೆ ಖಾತೆ ಶುರುವಾಗುವುದೇ 1,00,000 ಡಾಲರ್‌ನಿಂದ. ತಿಂಗಳಿಗೆ 200 ರೂಪಾಯಿ ಕೈಖರ್ಚು ಸಿಗುವ ಹುಡುಗಿಗೆ ಅದು ಬರೀ ಅಂಕಿ. ಪೂರ್ತಿ ಒಂದೇ ಷೇರಿಗೆ ಸುರಿಯಲು ಕೈ ನಡುಗುವುದಿಲ್ಲ. ಮೊದಲ ದಿನವೇ ರೀಸೆಟ್ ಮಾಡಿ ಮೊತ್ತವನ್ನು 10,000ಕ್ಕೆ ಇಳಿಸಿ. ಆಮೇಲೆ ಆ ಗುಂಡಿ ಮುಟ್ಟಬಾರದು. ನಷ್ಟವನ್ನು ಅಳಿಸಿ ಹಾಕಬಹುದು ಎಂಬ ಪಾಠ ಬಲು ಕೆಟ್ಟದ್ದು.

ಬಹುಮಾನವಿರುವ ಸ್ಪರ್ಧೆಯ ಆ್ಯಪ್‌ಗಳಂತೂ ಬೇಡವೇ ಬೇಡ. ಒಂದು ತಿಂಗಳಲ್ಲಿ ಮೊದಲ ಸ್ಥಾನಕ್ಕೆ ಬರುವವರು ಅತಿ ಹೆಚ್ಚು ಅಪಾಯಕ್ಕೆ ಕೈಹಾಕಿದವರು, ಚೆನ್ನಾಗಿ ಯೋಚಿಸಿದವರಲ್ಲ. ಇಂಥ ವರ್ಚುವಲ್ ಟ್ರೇಡಿಂಗ್ ವೇದಿಕೆಗಳಲ್ಲಿ ಹೂಡಿಕೆದಾರರ ರಕ್ಷಣೆಯೂ ದೂರು ಪರಿಹಾರವೂ ಸಿಗದು ಎಂದು ಷೇರುಪೇಟೆಯ ನಿಯಂತ್ರಕ ಸೆಬಿ 2024ರ ನವೆಂಬರ್‌ನಲ್ಲೇ ಎಚ್ಚರಿಸಿದೆ.

ನೋಟ್‌ಬುಕ್ ನಿಧಾನ, ಅದೇ ಅದರ ಗುಣ. ವಾರಕ್ಕೊಮ್ಮೆ, ಶುಕ್ರವಾರದ ಮುಕ್ತಾಯ ಬೆಲೆ ಮಾತ್ರ ಬರೆಯಬೇಕು. ಐದು ಕಾಲಂ ಸಾಕು: ದಿನಾಂಕ, ಬೆಲೆ, ಸಂಖ್ಯೆ, ಖರ್ಚು, ಕೊಂಡ ಕಾರಣ. ಖರ್ಚಿನ ಕಾಲಂನಲ್ಲೇ ಕಣ್ಣು ತೆರೆಯುತ್ತದೆ. 400 ರೂಪಾಯಿಯ 10 ಷೇರು ಕೊಂಡು ಕೆಲವು ದಿನದ ಬಳಿಕ 404ಕ್ಕೆ ಮಾರಿದರೆ ಆ್ಯಪ್ ಸಾಮಾನ್ಯವಾಗಿ 40 ರೂಪಾಯಿ ಲಾಭ ತೋರಿಸುತ್ತದೆ. ನೋಟ್‌ಬುಕ್‌ನಲ್ಲಿ ಕಳೆಯುತ್ತಾ ಹೋಗಿ: ಶೇ 0.1ರಂತೆ ಎಸ್‌ಟಿಟಿ (ಷೇರು ವಹಿವಾಟಿನ ತೆರಿಗೆ) ಕೊಳ್ಳುವಾಗ 4, ಮಾರುವಾಗ 4. ಮುದ್ರಾಂಕ ಶುಲ್ಕ 60 ಪೈಸೆ. ಮಾರಿದಾಗ ಡಿಪಿ ಶುಲ್ಕ (ಡಿಮ್ಯಾಟ್ ಖಾತೆಯಿಂದ ಷೇರು ಹೊರಹೋಗುವ ಶುಲ್ಕ) ಸುಮಾರು 15. ಬ್ರೋಕರೇಜ್ ಸೊನ್ನೆ ಎಂದುಕೊಂಡರೂ ಉಳಿಯುವುದು 16ರ ಆಸುಪಾಸು. ದಿನಾ ಕೊಂಡು ಮಾರುವ ಚಪಲ ಈ ಒಂದು ಲೆಕ್ಕಕ್ಕೇ ಅರ್ಧ ಇಳಿಯುತ್ತದೆ.

ನೋಟ್‌ಬುಕ್ ಎಡವುವುದು ಬೋನಸ್ (ಕಂಪನಿ ಕೊಡುವ ಉಚಿತ ಷೇರು) ಮತ್ತು ಸ್ಪ್ಲಿಟ್ (ಒಂದು ಷೇರನ್ನು ಹಲವಾಗಿ ಒಡೆಯುವುದು) ಬಂದಾಗ. 1:1, ಅಂದರೆ ಒಂದಕ್ಕೊಂದು ಬೋನಸ್ ಆದ ದಿನ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ, ಮಕ್ಕಳು ಮುಳುಗಿದೆವು ಎಂದುಕೊಳ್ಳುತ್ತಾರೆ. ಆ ಸಾಲಿನಲ್ಲೇ ಷೇರಿನ ಸಂಖ್ಯೆಯನ್ನು ದುಪ್ಪಟ್ಟು ಮಾಡಿಸಿ.

ಷೇರಿನ ಮುಂದಿನ ಬೆಲೆಯ ಮೇಲಿನ ಒಪ್ಪಂದಗಳಾದ ಫ್ಯೂಚರ್ಸ್, ಆಪ್ಷನ್ಸ್‌ನ ಅಣಕು ಆಟವನ್ನೂ ಕೊಡಬೇಡಿ. 2021-22ರಿಂದ 2023-24ರವರೆಗೆ ಅದರಲ್ಲಿ ತೊಡಗಿದ ವೈಯಕ್ತಿಕ ವಹಿವಾಟುದಾರರಲ್ಲಿ ಶೇ 93 ಮಂದಿ ಕಳೆದುಕೊಂಡರು ಎಂಬುದು ಸೆಬಿಯದೇ ಅಧ್ಯಯನ.

ಭಯ ಮತ್ತು ತಾಳ್ಮೆ ಕಲಿಸುವುದು ನಿಜವಾದ ಹಣ ಮಾತ್ರ. ಆರು ತಿಂಗಳ ನೋಟ್‌ಬುಕ್ ಆದ ಮೇಲೆ ಮಗುವಿನ ಹೆಸರಿನಲ್ಲೇ ಸೂಚ್ಯಂಕ ನಿಧಿಯೊಂದರಲ್ಲಿ (ಷೇರು ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಳ್ಳುವ ಮ್ಯೂಚುವಲ್ ಫಂಡ್) 500 ರೂಪಾಯಿಯ ಎಸ್‌ಐಪಿ ಶುರು ಮಾಡಿ. ಜನನ ಪ್ರಮಾಣಪತ್ರ, ಪೋಷಕರ ಪ್ಯಾನ್ ಮತ್ತು ಕೆವೈಸಿ ಬೇಕು. ಕಂತು ಪೋಷಕರ ಖಾತೆಯಿಂದ ಹೋಗಬಹುದು, ಆದರೆ ಹಿಂಪಡೆದ ಹಣ ಸೇರುವುದು ಮಗುವಿನ ಬ್ಯಾಂಕ್ ಖಾತೆಗೇ. ಅದನ್ನು ಮೊದಲೇ ತೆರೆದಿಡಿ. ಲಾಭದ ತೆರಿಗೆ ಮಾತ್ರ ಹೆಚ್ಚು ಆದಾಯವಿರುವ ಪೋಷಕರ ಲೆಕ್ಕಕ್ಕೆ ಸೇರುತ್ತದೆ.

18 ತುಂಬಿದ ದಿನ ಎಸ್‌ಐಪಿ ನಿಂತುಹೋಗುತ್ತದೆ. ಅಪ್ರಾಪ್ತ ಎಂಬುದನ್ನು ವಯಸ್ಕ ಎಂದು ಬದಲಿಸುವ ಅರ್ಜಿ ಕೊಡುವವರೆಗೆ ಹಣ ತೆಗೆಯಲೂ ಆಗದು. ಪ್ಯಾನ್, ಕೆವೈಸಿ, ಬ್ಯಾಂಕ್ ದೃಢೀಕರಿಸಿದ ಸಹಿ ಇವಕ್ಕೆ ಎರಡು ತಿಂಗಳು ಮುಂಚೆಯೇ ಓಡಾಡಲು ಶುರು ಮಾಡಿ, ಆ ಅರ್ಜಿಯನ್ನು ಮಗುವಿನ ಕೈಯಲ್ಲೇ ತುಂಬಿಸಿ.