ಹದಡಿ ರಸ್ತೆಯ ನೇಪಾಳಿ ಅಂಗಡಿ: ಮೆಯೊನೈಸ್ ಬಿಡಿ, ಟಿಮುರ್ ಅಚಾರ್ ಕೇಳಿ

ದಾವಣಗೆರೆಯ ಹದಡಿ ರಸ್ತೆಯಿಂದ ಒಳಕ್ಕೆ ತಿರುಗುವ ಅಡ್ಡರಸ್ತೆಯೊಂದರಲ್ಲಿ, ಜೆರಾಕ್ಸ್ ಅಂಗಡಿಗೂ ಹಾಲಿನ ಬೂತಿಗೂ ನಡುವೆ, ಹತ್ತಡಿ ಅಗಲದ ಮಳಿಗೆಯೊಂದಿದೆ. ಫಲಕದ ಮೇಲೆ ‘ನೇಪಾಳಿ ಮೋಮೊ’ ಎಂಬ ಎರಡು ಪದಗಳ ಹೊರತು ಬೇರೆ ಹೆಸರಿಲ್ಲ. ನೇಪಾಳದ ಸುದೂರಪಶ್ಚಿಮ ಪ್ರಾಂತ್ಯದ ಅಛಾಮ್ ಜಿಲ್ಲೆಯಿಂದ ಬಂದ, ಇಪ್ಪತ್ತೈದರ ಒಳಗಿನ ಗಂಡಹೆಂಡಿರಿಬ್ಬರು ಅದನ್ನು ನಡೆಸುತ್ತಾರೆ. ಹತ್ತಿರದ ಕಾಲೇಜಿನಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿರುವ ನಾನು ಒಂದು ವರ್ಷಕ್ಕೂ ಮೇಲ್ಪಟ್ಟು ಅಲ್ಲಿಯ ಗಿರಾಕಿ. ಇಷ್ಟು ದಿನದಲ್ಲಿ ನನಗೆ ಮನದಟ್ಟಾದ ಸಂಗತಿಯೆಂದರೆ, ಆ ಅಂಗಡಿಯಲ್ಲಿ ಎರಡು ಬಗೆಯ ಅಡುಗೆ ನಡೆಯುತ್ತದೆ: ನಮಗೆ ಹಿಡಿಸೀತೆಂದು ಊಹಿಸಿ ಅವರು ಮಾಡುವುದು ಒಂದು, ತಮಗಾಗಿ ಮಾಡಿಕೊಳ್ಳುವುದು ಇನ್ನೊಂದು. ಮೊದಲನೆಯದು ಸಾಧಾರಣವಾಗಿದೆ. ಎರಡನೆಯದು ಈ ಊರಿನಲ್ಲಿ ನಾನು ಬೇರೆಲ್ಲೂ ಕಾಣದಷ್ಟು ಚೆನ್ನಾಗಿದೆ; ಆದರೆ ಅದು ಬಾಯಿಬಿಟ್ಟು ಕೇಳಿದವರಿಗೆ ಮಾತ್ರ ಸಿಗುತ್ತದೆ.

ಕಡುಬು ತಿಂದು ಬೆಳೆದ ನಮಗೆ ಮೋಮೊ ತೀರಾ ಅಪರಿಚಿತ ತಿನಿಸೇನಲ್ಲ. ಸಂಜೆ ಐದಕ್ಕೆ ಮುಂಚೆ ಹೋದರೆ ಆ ಹೆಣ್ಣುಮಗಳು ಮೋಮೊ ಕಟ್ಟುವುದನ್ನು ಎದುರಿಗೇ ನಿಂತು ನೋಡಬಹುದು. ಲಟ್ಟಿಸಿದ ಮೈದಾ ಹಾಳೆ ನಡುವೆ ತುಸು ದಪ್ಪಗೆ, ಅಂಚಿನಲ್ಲಿ ತೆಳ್ಳಗೆ ಇರುತ್ತದೆ. ಅದನ್ನು ಎಡ ಅಂಗೈಯಲ್ಲಿ ಬಟ್ಟಲಿನಂತೆ ಹಿಡಿದು, ಒಂದು ಚಮಚ ಹೂರಣವಿಟ್ಟು, ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಅಂಚನ್ನು ಚಿವುಟುತ್ತ ನೆರಿಗೆ ಹಿಡಿಯುತ್ತಾರೆ. ಅದೇ ಹೊತ್ತಿಗೆ ಎಡ ಹೆಬ್ಬೆರಳು ಹೂರಣವನ್ನು ಒಳಕ್ಕೆ ಒತ್ತುತ್ತಿರುತ್ತದೆ. ಒಂದು ಮೋಮೊಗೆ ನಾನು ಎಣಿಸಿದ್ದು ಹದಿನಾರು ನೆರಿಗೆ. ಕಟ್ಟುವಾಗ ಅವರು ಕೈಯನ್ನು ನೋಡುವುದೇ ಇಲ್ಲ, ಬಂದ ಗಿರಾಕಿಯನ್ನು ನೋಡಿ “ಖಾರ ಎಷ್ಟಿರ್ಲಿ ಅಕ್ಕಾರೆ?” ಎಂದು ಅಪ್ಪಟ ದಾವಣಗೆರೆಯ ಧಾಟಿಯಲ್ಲಿ ಕೇಳುತ್ತಿರುತ್ತಾರೆ. ಕಠ್ಮಂಡು ಕಣಿವೆಯಲ್ಲಿ ಮೋಮೊ ಎಂದರೆ ಹೆಚ್ಚಾಗಿ ಎಮ್ಮೆಯ ಮಾಂಸದ್ದು. ಇಲ್ಲಿ ಕೋಳಿಯದು ಮತ್ತು ಎಲೆಕೋಸು-ಕ್ಯಾರೆಟ್-ಪನೀರಿನದು, ಈ ಎರಡೇ ಬಗೆ ಇವೆ. ಸಸ್ಯಾಹಾರಿಗಳು ತಿಳಿಯಬೇಕಾದ ಮಾತೆಂದರೆ, ಎರಡಕ್ಕೂ ಹಬೆಪಾತ್ರೆ ಬೇರೆ, ಇಕ್ಕಳ ಬೇರೆ, ಬಡಿಸುವ ತಟ್ಟೆಯ ಬಣ್ಣವೂ ಬೇರೆ. ನಾನು ಮನೆಯಲ್ಲಿ ಮಾಂಸ ಬೇಯಿಸದವರ ಪೈಕಿಯವಳಾದ್ದರಿಂದ ಇದನ್ನು ಮೊದಲ ದಿನವೇ ಕೇಳಿ, ನೋಡಿ, ಖಚಿತಪಡಿಸಿಕೊಂಡಿದ್ದೇನೆ.

ಮೋಮೊ ಚೆನ್ನಾಗಿಯೇ ಇದೆ. ಹಾಳೆ ಹರಿಯುವುದಿಲ್ಲ, ಒಳಗಿನ ರಸ ಆರುವುದಿಲ್ಲ. ತೊಂದರೆಯೆಲ್ಲ ಜೊತೆಗೆ ಕೊಡುವುದರಲ್ಲಿದೆ. ಸುಮ್ಮನೆ ‘ಒಂದು ಪ್ಲೇಟ್’ ಎಂದರೆ ಬಾಟಲಿಯಿಂದ ಹಿಂಡಿದ ಮೆಯೊನೈಸ್ ಮತ್ತು ಕಡುಗೆಂಪು ಬಣ್ಣದ ಮೆಣಸಿನಕಾಯಿ ಸಾಸ್ ಬರುತ್ತವೆ. ಇಲ್ಲಿಯ ಹುಡುಗರು ಅದನ್ನೇ ಕೇಳುತ್ತಾರೆಂದು ಅವರು ಕೊಡುತ್ತಾರೆ, ಕೊಡುವುದು ಅದೇ ಎಂದು ನಾವು ತಿನ್ನುತ್ತೇವೆ. ಹೀಗೆ ತಿಂದ ಮೋಮೊಗೂ ರಾಮ್ ಅಂಡ್ ಕೋ ವೃತ್ತದ ಸುತ್ತಲಿನ ಯಾವುದೋ ಗಾಡಿಯ ಮೋಮೊಗೂ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ಒಲೆಯ ಹಿಂದೆ, ಮುಚ್ಚಳವಿಟ್ಟ ಸ್ಟೀಲ್ ಡಬ್ಬಿಯೊಂದರಲ್ಲಿ, ಅವರು ತಮಗಾಗಿ ಮಾಡಿಟ್ಟುಕೊಂಡ ಅಚಾರ್ ಇರುತ್ತದೆ. ನೇಪಾಳಿಯಲ್ಲಿ ಅಚಾರ್ ಎಂದರೆ ನಮ್ಮ ಉಪ್ಪಿನಕಾಯಿ ಮಾತ್ರವಲ್ಲ, ಅಂದೇ ಅರೆದು ಅಂದೇ ಮುಗಿಸುವ ಚಟ್ನಿಯೂ ಹೌದು. ಕೆಂಡದ ಮೇಲೆ ಸುಟ್ಟ ಟೊಮೆಟೊ, ಹುರಿದ ಎಳ್ಳು, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕೊತ್ತಂಬರಿ. ಇವೆಲ್ಲದರ ಮೇಲೆ ಒಂದು ಚಿಟಿಕೆ ಟಿಮುರ್.

ಈ ಟಿಮುರ್ ವಿಷಯವಾಗಿ ಸ್ವಲ್ಪ ಹೇಳಲೇಬೇಕು. ನೇಪಾಳದ ಬೆಟ್ಟಗಳಲ್ಲಿ ಬೆಳೆಯುವ ಮುಳ್ಳುಗಿಡವೊಂದರ ಕಾಯಿಯಿದು; ನಮ್ಮ ಕರಾವಳಿಯವರು ತೆಪ್ಪಲ್ ಎಂದೋ ಜುಮ್ಮನಕಾಯಿ ಎಂದೋ ಕರೆಯುವ ಕಾಯಿಯ ಹತ್ತಿರದ ಬಂಧು. ಕಾಳುಮೆಣಸಿನ ಗಾತ್ರವಿದ್ದರೂ ಅದರ ಖಾರವಲ್ಲ. ಮೊದಲು ನಿಂಬೆಸಿಪ್ಪೆಯಂಥ ಘಮ ಮೂಗಿಗೆ ಏರುತ್ತದೆ, ಆಮೇಲೆ ನಾಲಿಗೆಯ ತುದಿ ಮತ್ತು ತುಟಿಯ ಅಂಚು ಜುಮುಜುಮು ಎನ್ನತೊಡಗಿ, ಒಂದೆರಡು ನಿಮಿಷ ಮರಗಟ್ಟಿದಂತಾಗಿ, ಕುಡಿದ ನೀರು ಕೂಡ ಬೇರೆ ರುಚಿ ಕೊಡುತ್ತದೆ. ಮೊದಲ ಸಲ ನಾನು ಹೆದರಿದ್ದು ನಿಜ. ಈಗ ಅದಿಲ್ಲದ ಮೋಮೊ ನನಗೆ ಸಪ್ಪೆ. ಇದೇ ಅಚಾರನ್ನು ಎಳ್ಳಿನ ತಿಳಿಸಾರಿನಲ್ಲಿ ಕದಡಿ ಮೋಮೊ ಮೇಲೆ ಸುರಿದರೆ ಅದು ಝೋಲ್ ಮೋಮೊ. ಜಿಟಿಜಿಟಿ ಮಳೆಯ ಸಂಜೆಗೆ ಅದಕ್ಕಿಂತ ಹಿತವಾದದ್ದು ಈ ಬೀದಿಯಲ್ಲಿಲ್ಲ.

ಆದರೂ ನನ್ನ ಲೆಕ್ಕದಲ್ಲಿ ಈ ಅಂಗಡಿಯ ಮೊದಲ ಸ್ಥಾನ ಮೋಮೊದ್ದಲ್ಲ, ಚಟ್‌ಪಟೆಯದು. ಅದು ಮೆನುವಿನಲ್ಲಿ ಇಲ್ಲ. ನೇಪಾಳದ ಪಟ್ಟಣಗಳಲ್ಲಿ ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ಸಿಗುವ ಈ ತಿನಿಸಿನ ಮೂಲ ಸಾಮಗ್ರಿ ಭುಜಾ, ಅಂದರೆ ಮಂಡಕ್ಕಿ. ಬೆಣ್ಣೆದೋಸೆಯ ಹಿಟ್ಟಿಗೂ ಮಂಡಕ್ಕಿ ಹಾಕುವ, ಮಂಡಕ್ಕಿ ಭಟ್ಟಿಗಳಿಗೇ ಒಂದು ಪ್ರದೇಶವಿರುವ, ನರ್ಗೀಸ್ ಮಂಡಕ್ಕಿಯನ್ನೂ ಮಿರ್ಚಿಯನ್ನೂ ಸಂಜೆಯ ಊಟದಂತೆ ತಿನ್ನುವ ಊರಿಗೆ ಬಂದು ನೆಲೆಸಿದ ಇವರು, ತಮ್ಮ ಮಂಡಕ್ಕಿಯ ತಿನಿಸನ್ನು ನಮಗೆ ತೋರಿಸದೆ ಒಳಗೇ ಇಟ್ಟುಕೊಂಡಿದ್ದರು. ಒಂದು ದಿನ ಅಂಗಡಿ ಮುಚ್ಚುವ ಹೊತ್ತಿಗೆ ಇಬ್ಬರೂ ಒಂದೇ ಪಾತ್ರೆಯಲ್ಲಿ ಕಲಸಿಕೊಂಡು ತಿನ್ನುತ್ತಿದ್ದುದನ್ನು ಕಂಡು ನಾನು ಕೇಳಿದೆ. “ಇದು ನಿಮ್ಮೂರಾಗೆ ಐತಲ್ಲ ಅಕ್ಕಾರೆ, ಅದ್ಕೇ ಮಾರಲ್ಲ” ಎಂದರು. ಇಲ್ಲಿಯದಕ್ಕೂ ಅದಕ್ಕೂ ಹೋಲಿಕೆ ಮಂಡಕ್ಕಿಯವರೆಗೆ ಮಾತ್ರ.

ಚಟ್‌ಪಟೆಯಲ್ಲಿ ಮಂಡಕ್ಕಿಗೆ ಜೊತೆಯಾಗುವುದು ವಾಯ್ ವಾಯ್ ನೂಡಲ್ಸ್. ಇದು ಮೂಲತಃ ಥಾಯ್ಲೆಂಡಿನ ಹೆಸರು; ಚೌಧರಿ ಗ್ರೂಪ್ 1980ರ ದಶಕದಲ್ಲಿ ನೇಪಾಳದಲ್ಲೇ ತಯಾರಿಸತೊಡಗಿದ ಮೇಲೆ, ಅಲ್ಲಿ ಮನೆಮನೆಯ ಮಾತಾಯಿತು. ನೂಡಲ್ಸನ್ನು ಮೊದಲೇ ಬೇಯಿಸಿ, ಮಸಾಲೆ ಹಿಡಿಸಿ, ಕರಿದಿರುವುದರಿಂದ ನೀರು ಕಾಯಿಸಬೇಕಾಗಿಲ್ಲ; ಪೊಟ್ಟಣವನ್ನು ಹಾಗೆಯೇ ಮುಷ್ಟಿಯಲ್ಲಿ ಪುಡಿಗುಟ್ಟಿ, ಒಳಗಿನ ಮಸಾಲೆ ಉದುರಿಸಿ, ಕುಲುಕಿ ತಿನ್ನಬಹುದು. ಬೆಟ್ಟದ ದಾರಿಯಲ್ಲಿ ಶಾಲೆಗೆ ಹೋಗುವಾಗ ತಾವು ಹೀಗೆಯೇ ತಿನ್ನುತ್ತಿದ್ದುದಾಗಿ ಅಂಗಡಿಯ ಹುಡುಗ ಹೇಳಿದರು. ಈ ಪುಡಿಯನ್ನು ಮಂಡಕ್ಕಿಗೆ ಬೆರೆಸಿ, ಬೇಯಿಸಿದ ಆಲೂಗಡ್ಡೆ, ನೆನೆಸಿದ ಬಟಾಣಿ, ಈರುಳ್ಳಿ, ಟೊಮೆಟೊ, ಹಸಿಮೆಣಸಿನಕಾಯಿ, ಕೊತ್ತಂಬರಿ ಹಾಕಿ, ನಿಂಬೆ ಹಿಂಡಿ, ಕೊನೆಗೆ ಒಂದು ಚಮಚ ಹಸಿ ಸಾಸಿವೆ ಎಣ್ಣೆ ಸುರಿಯುತ್ತಾರೆ. ಶೇಂಗಾ ಎಣ್ಣೆಯ ಒಗ್ಗರಣೆಗೆ ಒಗ್ಗಿದ ನಮ್ಮ ಮೂಗಿಗೆ ಆ ಘಾಟು ಮೊದಲು ಚುರ್ರೆನ್ನುತ್ತದೆ. ಪೊಟ್ಟಣದ ಕಾಗದ ಎಣ್ಣೆ ಹೀರಿಕೊಳ್ಳುವುದರೊಳಗೆ, ಮಡಚಿದ ರಟ್ಟಿನ ತುಂಡನ್ನೇ ಚಮಚ ಮಾಡಿಕೊಂಡು, ಬೇಗ ತಿಂದು ಮುಗಿಸಬೇಕು. ಮಂಡಕ್ಕಿ ಮೆತ್ತಗಾದರೆ ಕೆಟ್ಟಿತು. ನಮ್ಮೂರಿನ ಮಂಡಕ್ಕಿ ತಮ್ಮ ಊರಿನದಕ್ಕಿಂತ ಹಗುರ ಮತ್ತು ಗರಿಗರಿ ಎಂಬುದು ಆ ಹೆಣ್ಣುಮಗಳ ಅಭಿಪ್ರಾಯ. ಅದನ್ನು ಇಲ್ಲಿ ದಾಖಲಿಸಲು ನನಗೆ ಸಂತೋಷವಿದೆ.

ಕುಳಿತುಕೊಳ್ಳಲು ನಾಲ್ಕು ಸ್ಟೂಲುಗಳಷ್ಟೇ ಇವೆ. ಕುಳಿತಲ್ಲಿಂದ ಕಾಣುವ ಗಡಿಯಾರ ಕಾಲು ಗಂಟೆ ಮುಂದಿರುವುದನ್ನು ಕಂಡು ಅದು ಕೆಟ್ಟಿದೆಯೆಂದು ತಿಳಿಯಬಾರದು. ನೇಪಾಳದ ಸಮಯ ನಮ್ಮದಕ್ಕಿಂತ 15 ನಿಮಿಷ ಮುಂದೆ, ಮತ್ತು ಅದು ಅಮ್ಮನಿಗೆ ಫೋನ್ ಮಾಡುವ ಹೊತ್ತು ನೋಡಿಕೊಳ್ಳಲು ಇಟ್ಟಿರುವ ಗಡಿಯಾರ. ಪಕ್ಕದ ಕ್ಯಾಲೆಂಡರ್ ನೇಪಾಳದ ವಿಕ್ರಮ ಸಂವತ್ ಲೆಕ್ಕದ್ದು. ಅವರ ಹೊಸ ವರ್ಷ ಏಪ್ರಿಲ್ ನಡುಭಾಗದಲ್ಲಿ ಬರುತ್ತದೆ. ಫೋನನ್ನು ನೀರಿನ ಜಗ್ಗಿಗೆ ಒರಗಿಸಿಟ್ಟು ನೇಪಾಳದ ಕ್ರಿಕೆಟ್ ಪಂದ್ಯ ಹಾಕಿದ ದಿನ ಮಾತ್ರ ನಿಮ್ಮ ಪ್ಲೇಟ್ ತಡವಾಗಿ ಬರುತ್ತದೆ. 2024ರ ವಿಶ್ವಕಪ್‌ನಲ್ಲಿ ದಕ್ಷಿಣ ಆಫ್ರಿಕಾದ 115ಕ್ಕೆ ಎದುರಾಗಿ 114ಕ್ಕೆ ನಿಂತು, ಒಂದೇ ರನ್ನಿನಿಂದ ಸೋತ ಪಂದ್ಯದ ಕೊನೆಯ ಓವರನ್ನು ಅವರು ಈಗಲೂ ಎಸೆತದಿಂದ ಎಸೆತಕ್ಕೆ ಹೇಳಬಲ್ಲರು. 2025ರ ಸೆಪ್ಟೆಂಬರಿನಲ್ಲಿ ಶಾರ್ಜಾದಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ನೇಪಾಳ ಸರಣಿ ಗೆದ್ದಾಗ ಅಂಗಡಿಗೆ ಬಂದವರಿಗೆಲ್ಲ ಚಹಾ ಪುಕ್ಕಟೆಯಾಗಿತ್ತು.

ಅದೇ ಸೆಪ್ಟೆಂಬರಿನ ಆರಂಭದಲ್ಲಿ ಅಂಗಡಿ ಎರಡು ದಿನ ಮುಚ್ಚಿತ್ತು. ಅಲ್ಲಿಯ ಸರ್ಕಾರ ಫೇಸ್‌ಬುಕ್, ವಾಟ್ಸಾಪ್, ಯೂಟ್ಯೂಬ್ ಸೇರಿದಂತೆ 26 ಜಾಲತಾಣಗಳನ್ನು ನಿರ್ಬಂಧಿಸಿದ್ದರಿಂದ ಮನೆಯ ಫೋನ್ ಸಿಗುತ್ತಿರಲಿಲ್ಲ. ಸೆಪ್ಟೆಂಬರ್ 8ರಂದು ಬೀದಿಗಿಳಿದವರಲ್ಲಿ ಹೆಚ್ಚಿನವರು ಇವರ ಓರಗೆಯವರು. ಆ ಒಂದೇ ದಿನ 19 ಜನ ಸತ್ತರು, ಮರುದಿನ ಪ್ರಧಾನಿ ಓಲಿ ರಾಜೀನಾಮೆ ಕೊಟ್ಟರು. ಇದನ್ನು ಅಂಗಡಿಯ ವಿಮರ್ಶೆಯಲ್ಲಿ ಹೇಳಲು ಕಾರಣವಿದೆ. ಬಾಗಿಲು ತೆರೆದ ದಿನ ಬಂದ ಗಿರಾಕಿಯೊಬ್ಬರು “ಏನ್ ಬಹದ್ದೂರ್, ಊರಿಗೆ ಹೋಗಿದ್ಯಾ?” ಎಂದು ಕೇಳಿದರು. ರಾತ್ರಿ ಶಿಳ್ಳೆ ಹಾಕಿ ಬರುವ ಗೂರ್ಖಾನನ್ನು ಬಿಟ್ಟು ಬೇರೆ ನೇಪಾಳಿಯರನ್ನು ನೋಡದ ನಮ್ಮ ಹಿರಿಯರಿಗೆ ಆ ಹೆಸರು ಬಾಯಿಗೆ ಬರುವುದು ಸಹಜವಿರಬಹುದು, ಆದರೆ ಕೇಳಿಸಿಕೊಂಡವರ ಮುಖ ನಾನು ನೋಡಿದ್ದೇನೆ. ನೇಪಾಳಿಯಲ್ಲಿ ತನಗಿಂತ ಹಿರಿಯನನ್ನು ದಾಯಿ, ಕಿರಿಯನನ್ನು ಭಾಯಿ, ಅಕ್ಕನನ್ನು ದೀದಿ, ತಂಗಿಯನ್ನು ಬಹಿನಿ ಎಂದು ಕರೆಯುತ್ತಾರೆ. ‘ಭಾಯಿ, ಒಂದು ಪ್ಲೇಟ್ ಝೋಲ್ ಮೋಮೊ’ ಎನ್ನಿ. ಅವರು ನಮ್ಮನ್ನು ಅಕ್ಕಾರೆ, ಅಣ್ಣಾರೆ ಎನ್ನುವುದಕ್ಕೆ ಅದೇ ಸರಿಯಾದ ಉತ್ತರ.

ದೀಪಾವಳಿಯನ್ನು ಅವರು ತಿಹಾರ್ ಎನ್ನುತ್ತಾರೆ. ನಮ್ಮ ನರಕ ಚತುರ್ದಶಿಯ ದಿನ ಅವರಿಗೆ ನಾಯಿಗಳ ಪೂಜೆ. ಅಂಗಡಿಯ ಮುಂದೆ ಯಾವಾಗಲೂ ಮಲಗಿರುವ ಕಂದು ಬಣ್ಣದ ಬೀದಿನಾಯಿ ಆ ಬೆಳಿಗ್ಗೆ ಕೊರಳಲ್ಲಿ ಚೆಂಡುಹೂವಿನ ಹಾರ, ಹಣೆಯಲ್ಲಿ ಕುಂಕುಮ ಧರಿಸಿ, ಎಲೆಯಲ್ಲಿಟ್ಟ ಅನ್ನ-ಮೊಟ್ಟೆ ತಿನ್ನುತ್ತಿತ್ತು. ಅಂದು ಕರಿದ ಸೇಲ್ ರೋಟಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟರು: ನೆನೆಸಿದ ಅಕ್ಕಿಯನ್ನು ಸಕ್ಕರೆ, ತುಪ್ಪ, ಏಲಕ್ಕಿಯೊಂದಿಗೆ ಅರೆದು, ಕಾದ ಎಣ್ಣೆಗೆ ಕೈಯಿಂದಲೇ ಬಳೆಯಾಕಾರದಲ್ಲಿ ಬಿಟ್ಟ ತಿನಿಸು. ನೋಡಲು ದೊಡ್ಡ ಕೋಡುಬಳೆ, ಕಚ್ಚಿದರೆ ಹೊರಗೆ ಗರಿ, ಒಳಗೆ ಮೆದು. ಇದು ಹಬ್ಬಕ್ಕೆ ಮಾತ್ರ.

ಶನಿವಾರ ನೇಪಾಳದಲ್ಲಿ ವಾರದ ರಜೆ. ಆ ನೆನಪಿಗೋ ಏನೋ, ಶನಿವಾರ ಮಧ್ಯಾಹ್ನ ಮಾತ್ರ ಅವರು ದಾಲ್-ಭಾತ್ ಮಾಡುತ್ತಾರೆ: ಅನ್ನ, ತುಪ್ಪದಲ್ಲಿ ಜಿಂಬು ಎಂಬ ಒಣಸೊಪ್ಪಿನ ಒಗ್ಗರಣೆ ಕೊಟ್ಟ ಉದ್ದಿನ ಬೇಳೆ, ಒಂದು ಪಲ್ಯ, ಒಂದು ಅಚಾರ್, ಮತ್ತು ಗುಂದ್ರುಕ್. ಮೂಲಂಗಿ ಹಾಗೂ ಸಾಸಿವೆಯ ಸೊಪ್ಪನ್ನು ಬಾಡಿಸಿ, ಜಡಿದು ಹುಳಿ ಬರಿಸಿ, ಬಿಸಿಲಲ್ಲಿ ಒಣಗಿಸಿಟ್ಟದ್ದು ಗುಂದ್ರುಕ್. ಊರಿಂದ ಬರುವವರ ಚೀಲದಲ್ಲಿ ಅದು ಬರುತ್ತದೆ. ಅದರ ವಾಸನೆಗೆ ನಾನು ಮೊದಲ ಶನಿವಾರ ಬಟ್ಟಲನ್ನು ದೂರ ಸರಿಸಿದ್ದೆ; ಮೂರನೆಯ ಶನಿವಾರ ಎರಡನೆಯ ಬಟ್ಟಲು ಕೇಳಿದೆ. ಇದಕ್ಕೆ ಸರಿಜೋಡಿ ಅನ್ನವಲ್ಲ, ಢಿಂಡೊ ಎಂದು ಆ ಹುಡುಗ ಹೇಳಿ, ಹಿಟ್ಟನ್ನು ಕುದಿನೀರಿಗೆ ಹಾಕಿ ತಿರುವುವ ಬಗೆಯನ್ನು ಕೈಯಲ್ಲೇ ತೋರಿಸಿದಾಗ ನಾನು ನಕ್ಕುಬಿಟ್ಟೆ. ಅವರ ಕೋದೊ ನಮ್ಮ ರಾಗಿಯೇ. ಅವರ ಢಿಂಡೊ ನಮ್ಮ ಮುದ್ದೆ. ಅದನ್ನೂ ಅಗಿಯದೆ ನುಂಗುತ್ತಾರೆ. ಬಡವರ ಊಟವೆಂದು ಮಾರಲು ಸಂಕೋಚಪಡುತ್ತಿದ್ದರಂತೆ, ಅದೂ ಮುದ್ದೆಯ ನಾಡಿನಲ್ಲಿ!

ಕೊರತೆಗಳೂ ಇವೆ. ಚೌಮೀನ್ ಎಣ್ಣೆಯಲ್ಲಿ ಮುಳುಗಿರುತ್ತದೆ, ಅದನ್ನು ತೆಗೆದುಕೊಳ್ಳಬೇಡಿ. ಥುಕ್ಪಾ ಎಂಬ ನೂಡಲ್ಸ್ ಸೂಪಿನ ಸಾರಿನಲ್ಲಿ ಸತ್ವವಿಲ್ಲ. ಏಳು ಗಂಟೆಯ ಮೇಲೆ ಹಾಸ್ಟೆಲ್ ಹುಡುಗರು ಮುತ್ತಿಕೊಂಡರೆ ಅರ್ಧ ಗಂಟೆ ಕಾಯಬೇಕಾಗುತ್ತದೆ, ಹೊಗೆ ಹೊರಹೋಗಲು ಸರಿಯಾದ ಫ್ಯಾನಿಲ್ಲ, ಮತ್ತು ಬಿಸಿ ಝೋಲನ್ನು ಪಾರ್ಸೆಲ್‌ಗೆ ತೆಳು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟುವುದನ್ನು ಅವರು ನಿಲ್ಲಿಸಲೇಬೇಕು. ನಾನು ಮನೆಯಿಂದ ಡಬ್ಬಿ ಒಯ್ಯುತ್ತೇನೆ.

ಹತ್ತು ಮೋಮೊಗಳ ಪ್ಲೇಟಿಗೆ 70 ರೂಪಾಯಿ, ಕೋಳಿಯದಕ್ಕೆ 90, ಝೋಲ್‌ಗೆ 20 ಹೆಚ್ಚು, ಶನಿವಾರದ ಊಟಕ್ಕೆ 100. ಭಾರತದ 100 ರೂಪಾಯಿ ನೇಪಾಳದ 160ಕ್ಕೆ ಸಮವೆಂಬ ದರ 1993ರಿಂದ ಬದಲಾಗಿಲ್ಲ. ದಿನದ ಗಲ್ಲಾ ಎಣಿಸುವಾಗ ಆ ಹೆಣ್ಣುಮಗಳು ಮನೆಗೆ ಕಳಿಸುವ ಮೊತ್ತವನ್ನು ಆ ಲೆಕ್ಕದಲ್ಲೇ ಗುಣಿಸುತ್ತಾರೆ. ಊಟ ಇಪ್ಪತ್ತು ತಟ್ಟೆಗಳಷ್ಟೇ ಇರುವುದರಿಂದ ಹನ್ನೆರಡೂವರೆಯೊಳಗೆ ಹೋಗಬೇಕು. ಚಟ್‌ಪಟೆಗೆ ಇನ್ನೂ ಬೆಲೆ ಕಟ್ಟಿಲ್ಲ, ಕೇಳಿದರೆ 30 ತೆಗೆದುಕೊಳ್ಳುತ್ತಾರೆ. ಕಳೆದ ವಾರ ನಮ್ಮ ಬೀದಿಯ ಗಿರಣಿಯಲ್ಲಿ ಬೀಸಿಸಿದ ಎರಡು ಕಿಲೋ ರಾಗಿ ಹಿಟ್ಟನ್ನು ಕೊಟ್ಟು ಬಂದಿದ್ದೇನೆ. ಬರುವ ಶನಿವಾರ ಗುಂದ್ರುಕ್ ಜೊತೆಗೆ ಢಿಂಡೊ ಮಾಡಿ ಬಡಿಸುವುದಾಗಿ ಒಪ್ಪಿಕೊಂಡಿದ್ದಾರೆ.